ಸಫಾರಿಗೆ ಕಟ್ಟಿದ ಗಂಟು

ಪ್ರಯಾಣಕ್ಕೆ ಸಿದ್ಧವಾಗುವ ಮನೆಯಲ್ಲಿ ಎರಡು ಪಕ್ಷಗಳಿರುತ್ತವೆ. ಒಂದು, ಪೆಟ್ಟಿಗೆಯೊಳಗೆ ಸಾಮಾನು ತುಂಬುವ ಪಕ್ಷ. ಇನ್ನೊಂದು, ತುಂಬಿದ್ದನ್ನು ಹೊರಗೆ ತೆಗೆಯುವ ಪಕ್ಷ. ಧಾರವಾಡದ ನಮ್ಮ ಮನೆಯಲ್ಲಿ ಅವ್ವನೂ ನನ್ನ ಮಡದಿಯೂ ಮೊದಲನೆಯದಕ್ಕೆ ಸೇರಿದವರು. ಎರಡನೆಯದಕ್ಕೆ ಅಪ್ಪನೇ ಅಧ್ಯಕ್ಷರು, ಅಪ್ಪನೇ ಏಕಮಾತ್ರ ಸದಸ್ಯರು. ನಾನು ಗಾಳಿ ಬಂದತ್ತ ತೂರಿಕೊಳ್ಳುವವನು. ಕಳೆದ ಆಗಸ್ಟ್ ತಿಂಗಳಲ್ಲಿ ಆಫ್ರಿಕಾದ ಕೀನ್ಯಾ ದೇಶಕ್ಕೆ, ಅಲ್ಲಿಯ ಮಸಾಯಿ ಮಾರಾ ಅಭಯಾರಣ್ಯವನ್ನು ನೋಡಲೆಂದು ಹೊರಟಾಗ ಈ ಎರಡು ಪಕ್ಷಗಳ ನಡುವೆ ಮೂರು ವಾರ ನಡೆದ ಹೋರಾಟದ ವೃತ್ತಾಂತವೇ ಈ ಲೇಖನ. ಸಿಂಹ ಚಿರತೆಗಳ ವರ್ಣನೆಯನ್ನು ವಾಚಕರು ಬೇರೆಡೆ ಸಾಕಷ್ಟು ಓದಿರುತ್ತಾರೆ. ಅವುಗಳ ಮುಂದೆ ಹೋಗಿ ನಿಲ್ಲುವ ಮುನ್ನ ಮನೆಯಲ್ಲಿ ಏನೇನು ಕಟ್ಟಬೇಕು, ಏನೇನು ಬಿಡಬೇಕು ಎಂಬುದನ್ನು ಹೇಳಿದವರು ಕಡಿಮೆ.

ನನ್ನ ತಂಗಿಯೂ ಆಕೆಯ ಪತಿಯೂ ಉದ್ಯೋಗದ ನಿಮಿತ್ತ ನೈರೋಬಿಯಲ್ಲಿದ್ದಾರೆ. "ಅಣ್ಣಾ, ಅಪ್ಪನ್ನ ಕರಕೊಂಡು ಬಾ. ಅಪ್ಪ ಬರದಿದ್ರ ನೀ ಒಬ್ಬನ ಬರಬ್ಯಾಡ" ಎಂದು ಆಕೆ ಎರಡು ವರ್ಷದಿಂದ ಹೇಳುತ್ತಿದ್ದಳು. ಅದಕ್ಕೆ ಕಾರಣವಿತ್ತು. ಅಪ್ಪ ಗದಗಿನ ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಭೂಗೋಲ ಕಲಿಸಿದವರು. ಸೀಮೆಸುಣ್ಣವನ್ನು ಹಲಗೆಯಿಂದ ಎತ್ತದೆ ಒಂದೇ ಗೆರೆಯಲ್ಲಿ ಆಫ್ರಿಕಾ ಖಂಡವನ್ನು ಬರೆಯುತ್ತಿದ್ದರು. ಅದರೊಳಗೆ ಭೂಮಧ್ಯರೇಖೆ ಎಳೆದು, ಅದರ ಕೆಳಗೆ ಒಂದು ಚುಕ್ಕೆಯಿಟ್ಟು, "ಇದು ಮಾಗಡಿ" ಎನ್ನುತ್ತಿದ್ದರು. ಗದಗ ಜಿಲ್ಲೆಯ ಹುಡುಗರಿಗೆ ಮಾಗಡಿ ಎಂದರೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ನಮ್ಮ ಮಾಗಡಿ ಕೆರೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಅದೇ ಕೆರೆ. ಆದರೆ ಕೀನ್ಯಾದಲ್ಲಿಯೂ ಒಂದು ಮಾಗಡಿ ಸರೋವರವಿದೆ. ನೀರಿಗಿಂತ ಸೋಡಾ ಉಪ್ಪೇ ಹೆಚ್ಚಾಗಿರುವ, ರಾಜಹಂಸಗಳು ನಿಲ್ಲುವ ಸರೋವರ. ಎರಡು ಹೆಸರಿಗೂ ಯಾವ ನೆಂಟತನವೂ ಇಲ್ಲ. ಆದರೂ ಈ ಹೆಸರಿನ ಬಲದಿಂದ ಅಪ್ಪನಿಗೆ ಕೀನ್ಯಾ ನೆರೆಯ ತಾಲ್ಲೂಕಿನಷ್ಟು ಹತ್ತಿರವಾಗಿತ್ತು.

ಅಂತೂ ಟಿಕೀಟುಗಳಾದವು: ಅಪ್ಪ, ನಾನು, ನನ್ನ ಮಡದಿ. "ಸಿಂಹ ನೋಡಾಕ ಸಮುದ್ರ ದಾಟಬೇಕೇನು?" ಎಂದು ಅವ್ವ ಮೊದಲೇ ಹಿಂದೆಗೆದಿದ್ದಳು. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆಗಳ ಹಾದಿ. ಅಪ್ಪನ ಮೊಣಕಾಲಿಗೆ ಅದು ಆಗದೆಂದು ತಂಗಿ ಸಣ್ಣ ವಿಮಾನದಲ್ಲಿಯೇ ಸ್ಥಳ ಕಾದಿರಿಸಿದಳು.

ಮೊದಲ ಸಾಮಾನು

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಸಫಾರಿಗೆ ಕಟ್ಟಬೇಕಾದ ಮೊದಲ ಸಾಮಾನು ಪೆಟ್ಟಿಗೆಯಲ್ಲಿ ಹಿಡಿಯುವಂಥದಲ್ಲ. ಅದು ತೋಳಿನಲ್ಲಿ ಹೋಗುವಂಥದು: ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಭಾರತಕ್ಕೆ ಹಿಂದಿರುಗುವವರು ಈ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಲೇಬೇಕು. ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುವ ಅಧಿಕಾರ ನಮ್ಮ ಆರೋಗ್ಯಾಧಿಕಾರಿಗಳಿಗಿದೆ. ಸರಕಾರ ಮಾನ್ಯಮಾಡಿದ ಕೇಂದ್ರಗಳಲ್ಲಿ ಮಾತ್ರ ಲಸಿಕೆ ದೊರೆಯುತ್ತದೆ. ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಜಾರಿಗೆ ಬರುತ್ತದೆ. ಮೊದಲು ಅದಕ್ಕೆ ಹತ್ತು ವರ್ಷದ ಆಯುಸ್ಸಿತ್ತು. 2016ರಿಂದ ಒಮ್ಮೆ ಹಾಕಿಸಿಕೊಂಡರೆ ಜೀವಮಾನಪೂರ್ತಿ ಸಲ್ಲುತ್ತದೆ. ಇದನ್ನೆಲ್ಲ ನಾನು ಓದಿ ಗುರುತು ಹಾಕಿಕೊಂಡಿದ್ದೆ. ಆದರೆ ಕೈಯಲ್ಲಿ ಮುದ್ರೆ ಒತ್ತಿಸಿಕೊಳ್ಳುವಂತೆ ಇದೂ ಒಂದು ಶಾಸ್ತ್ರವೆಂದು ಭಾವಿಸಿದ್ದೆ.

ಮೂವರೂ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ನನಗೂ ಮಡದಿಗೂ ಸೂಜಿ ಚುಚ್ಚಿಯಾಯಿತು. ಅಪ್ಪನ ಸರದಿ ಬಂದಾಗ ವೈದ್ಯರು ಅವರ ಔಷಧದ ಚೀಟಿಯನ್ನು ಎರಡು ಸಲ ಓದಿದರು.

"ಯಜಮಾನರೇ, ವಯಸ್ಸೆಷ್ಟು?"

"ಎಪ್ಪತ್ತೊಂದ್ರೀ."

"ಸಂಧಿವಾತದ ಈ ಮಾತ್ರೆ ಎಷ್ಟು ವರ್ಷದಿಂದ ತಗೊಳ್ತಿದ್ದೀರಿ?"

"ಆರು ವರ್ಷ ಆತ್ರೀ."

ವೈದ್ಯರು ಲೇಖನಿಯ ಟೋಪಿ ಹಾಕಿದರು. ಅನಂತರ ಬಹಳ ಸಮಾಧಾನದಿಂದ ವಿವರಿಸಿದರು. ಈ ಲಸಿಕೆಯಲ್ಲಿರುವುದು ಬಲಗುಂದಿಸಿದ, ಆದರೆ ಜೀವಂತವಾದ ವಿಷಾಣು. ಅರವತ್ತು ದಾಟಿದವರಿಗೆ ಅದನ್ನು ಕೊಡುವಾಗಲೇ ಹೆಚ್ಚಿನ ವಿವೇಚನೆ ಬೇಕು. ಅದರ ಮೇಲೆ, ಸಂಧಿವಾತಕ್ಕಾಗಿ ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಿಯನ್ನು ಸೇವಿಸುತ್ತಿರುವವರಿಗೆ ಕೊಡುವಂತೆಯೇ ಇಲ್ಲ. ಲಸಿಕೆಯಿಲ್ಲದೆ ಹೋಗುವುದೂ ಕ್ಷೇಮವಲ್ಲ. ವೈದ್ಯರ ಮಾತಿನಲ್ಲಿ ಎಲ್ಲಿಯೂ ಸಂದು ಇರಲಿಲ್ಲ.

ಟಿಕೀಟು ಕೊಳ್ಳುವ ಮೊದಲು ಊರಿನ ವೈದ್ಯರಲ್ಲಿ ಒಂದು ಮಾತು ಕೇಳಿದ್ದರೆ ಅಪ್ಪನಿಗೆ ಆಸೆ ಹುಟ್ಟಿಸಿ ಮುರಿಯುವ ಪ್ರಸಂಗ ಬರುತ್ತಿರಲಿಲ್ಲ. ಅದು ನನ್ನಿಂದಾಗಬೇಕಾದ ಕೆಲಸವಾಗಿತ್ತು, ಆಗಲಿಲ್ಲ. ಹಿಂದಿರುಗುವ ರೈಲಿನಲ್ಲಿ ಅಪ್ಪ ಅರಸೀಕೆರೆಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಆಮೇಲೆ, "ಇರಲಿ ಬಿಡೋ ತಮ್ಮಾ. ಮಾಗಡಿ ನಮ್ಮಲ್ಲೂ ಐತಲ್ಲ" ಎಂದರು.

ನಾವೂ ಹೋಗುವುದು ಬೇಡವೆಂದೆ. ಅಪ್ಪ ಒಪ್ಪಲಿಲ್ಲ. ಅವರ ಹೆಸರಿನ ಟಿಕೀಟು ರದ್ದಾಯಿತು. ಅದಕ್ಕೆ ಬದಲಾಗಿ ಅವರು ನನಗೊಂದು ಕೆಲಸ ಹಚ್ಚಿದರು. "ಅಲ್ಲಿ ನೆಲ ನಮ್ಮ ಎರೀಭೂಮಿ ಹಂಗ ಐತಿ ಅಂತ ಪುಸ್ತಕದಾಗ ಓದೇನಿ. ಮೂವತ್ತು ವರ್ಷ ಹುಡುಗರಿಗೆ ಹೇಳೇನಿ. ಖರೇನೋ ಸುಳ್ಳೋ ಗೊತ್ತಿಲ್ಲ. ಕಾಲಿಗೆ ಹತ್ತತೈತೇನು, ನೋಡಿ ಬಾ."

ಹದಿನೈದು ಕಿಲೋ

ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಮಾತು. ಅದರ ಅರ್ಥ ಬೇಟೆಯಲ್ಲ, ಬರಿಯ ಪ್ರಯಾಣ. ಅರಬ್ಬೀ ಭಾಷೆಯ 'ಸಫರ್' ಅದರ ಮೂಲ. ಹಿಂದೂಸ್ತಾನಿಯ ಮೂಲಕ ನಮಗೂ ಪರಿಚಿತವಾದ ಶಬ್ದ. ಅದಕ್ಕೆ ಬೇಟೆಯ ವಾಸನೆ ಅಂಟಿದ್ದು ಬಿಳಿಯ ದೊರೆಗಳ ಕಾಲದಲ್ಲಿ. ಅಮೆರಿಕದ ಅಧ್ಯಕ್ಷ ಪದವಿಯಿಂದ ಆಗತಾನೆ ಇಳಿದಿದ್ದ ಥಿಯೊಡೋರ್ ರೂಸ್‌ವೆಲ್ಟರು 1909ರಲ್ಲಿ ಮೊಂಬಾಸಾದಲ್ಲಿ ಇಳಿದು ಸಫಾರಿ ಹೊರಟಾಗ ಅವರ ಸಾಮಾನು ಹೊರಲು ಇನ್ನೂರಕ್ಕೂ ಹೆಚ್ಚು ಕೂಲಿಗಳಿದ್ದರು. ಒಬ್ಬೊಬ್ಬನ ತಲೆಯ ಮೇಲೆ ಅರವತ್ತು ಪೌಂಡು, ಎಂದರೆ ಸುಮಾರು 27 ಕಿಲೋ ಹೊರೆ. ಡೇರೆಗಳು, ಬಂದೂಕುಗಳು, ಚರ್ಮ ಹದಮಾಡಲು ಟನ್ನುಗಟ್ಟಲೆ ಉಪ್ಪು! ಅದರ ಜೊತೆಗೆ ಹಂದಿಯ ಚರ್ಮದ ರಟ್ಟು ಕಟ್ಟಿಸಿದ ಸುಮಾರು ಅರವತ್ತು ಪುಸ್ತಕಗಳ ಒಂದು ಗ್ರಂಥಭಂಡಾರವೂ ಇತ್ತು. ಒಬ್ಬ ಕೂಲಿಯ ತಲೆಹೊರೆಗೆ ಸರಿಹೋಗುವಂತೆ ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯೊಂದರಲ್ಲಿ ಅಳವಡಿಸಿದ್ದರು. ಕನ್ನಡ ಅಧ್ಯಾಪಕನಾದ ನನಗೆ ಇದನ್ನು ಓದಿ ಅಸೂಯೆಯಾಯಿತೆಂದರೆ ಸುಳ್ಳಲ್ಲ. ಪುಸ್ತಕಗಳ ವಿಷಯದಲ್ಲಿ ಮಾತ್ರ. ತಂದೆಮಗ ಸೇರಿ ಉರುಳಿಸಿದ ಐನೂರಕ್ಕೂ ಹೆಚ್ಚು ಪ್ರಾಣಿಗಳ ವಿಷಯದಲ್ಲಿ ಅಲ್ಲ. ಕೀನ್ಯಾ ಸರಕಾರ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಇಂದು ಅಲ್ಲಿ ಸಫಾರಿ ಎಂದರೆ ಕಣ್ಣಿನ ಬೇಟೆ.

ಕೂಲಿಗಳೂ ಹೋದರು, ಹೊರೆಯೂ ಇಳಿಯಿತು. ನೈರೋಬಿಯ ವಿಲ್ಸನ್ ವಿಮಾನನಿಲ್ದಾಣದಿಂದ ಮಾರಾಕ್ಕೆ ಹಾರುವ ಹನ್ನೆರಡು ಹದಿಮೂರು ಆಸನಗಳ ಸಣ್ಣ ವಿಮಾನದಲ್ಲಿ ತಲೆಗೆ ಹದಿನೈದು ಕಿಲೋ ಸಾಮಾನು ಮಾತ್ರ. ಕೈಚೀಲ, ಕ್ಯಾಮರಾ ಎಲ್ಲವೂ ಆ ಲೆಕ್ಕದೊಳಗೇ. ಚೀಲ ಮೆತ್ತನೆಯದಾಗಿರಬೇಕು, ಗಟ್ಟಿ ಕವಚದ, ಗಾಲಿಗಳ ಸೂಟ್‌ಕೇಸು ಸಲ್ಲದು. ಇದು ಅಧಿಕಾರಿಗಳ ಹಟವಲ್ಲ. ಸಾಮಾನು ಹೋಗುವುದು ವಿಮಾನದ ಹೊಟ್ಟೆಯ ಕೆಳಗಿನ ಒಂದು ಕಿರಿದಾದ ಪೊಟರೆಯಲ್ಲಿ. ಬಾಗಿ ಬಳುಕುವ ಚೀಲಗಳನ್ನಷ್ಟೇ ಅದರೊಳಗೆ ತುರುಕಬಹುದು. ಮೇಲಾಗಿ ವಿಮಾನ ಇಳಿಯುವುದೂ ಏರುವುದೂ ಹುಲ್ಲುಗಾವಲಿನ ನಡುವಿನ ಮಣ್ಣಿನ ಪಟ್ಟಿಯಲ್ಲಿ. ಅಲ್ಲಿ ಪ್ರತಿಯೊಂದು ಕಿಲೋಗೂ ಲೆಕ್ಕವುಂಟು.

ನಮ್ಮ ಮನೆಯಲ್ಲಿ ತೂಕದ ಯಂತ್ರವಿಲ್ಲ. ಮೂಲೆಯ ಕಿರಾಣಿ ಅಂಗಡಿಗೆ ಚೀಲ ಹೊತ್ತೊಯ್ದು ಬೆಲ್ಲದ ಪೆಂಟೆ ತೂಗುವ ಯಂತ್ರದ ಮೇಲಿಟ್ಟೆ. ಇಪ್ಪತ್ತೊಂದೂವರೆ ಕಿಲೋ! "ಮಾಸ್ತರ, ಲಗ್ನಕ್ಕ ಹೊಂಟೀರೇನ್ರೀ?" ಎಂದು ಅಂಗಡಿಯವರು ಕೇಳಿದರು. ಮನೆಗೆ ಬಂದು ಚೀಲವನ್ನು ಪಡಸಾಲೆಯಲ್ಲಿ ಸುರುವಿದೆ. ಬೆಂಗಳೂರಿನಿಂದ ಬಂದಮೇಲೆ ಪೆಟ್ಟಿಗೆಯ ಕಡೆ ತಲೆಹಾಕದಿದ್ದ ಅಪ್ಪ ಅಂದು ಕನ್ನಡಕ ಏರಿಸಿ ಚಾಪೆಯ ಮೇಲೆ ಕುಳಿತರು. ತೆಗೆಯುವ ಪಕ್ಷ ಮತ್ತೆ ಸಭೆ ಸೇರಿತು.

ಬಣ್ಣದ ವಿಚಾರ

ಮೊದಲು ಬಟ್ಟೆ. ನಾನು ಇಟ್ಟದ್ದು ಏಳು ಜೊತೆ, ಉಳಿದದ್ದು ಮೂರು. ಸಫಾರಿ ಬಿಡಾರಗಳಲ್ಲಿ ಬಟ್ಟೆ ಒಗೆದುಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ, ಸಮಭಾಜಕದ ಬಿಸಿಲಿಗೆ ಬೇಗ ಒಣಗುತ್ತದೆ ಎಂದು ತಂಗಿ ಬರೆದಿದ್ದಳು. ಬಿಳಿ ಅಂಗಿ ಹೋಯಿತು. ಅದು ಅರ್ಧ ದಿನದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮಡದಿಯ ಕಡುನೀಲಿ ಷರಾಯಿಯೂ ನನ್ನ ಕರಿಯ ಅಂಗಿಯೂ ಹೋದವು. ಇದರ ಕಾರಣ ವಾಚಕರಿಗೆ ವಿನೋದವೆನಿಸಬಹುದು. ಆಫ್ರಿಕಾದ ಕುರುಚಲು ಕಾಡುಗಳಲ್ಲಿ ಸೆಟ್ಸಿ ಎಂಬ ಕಚ್ಚುವ ನೊಣವಿದೆ; ನಿದ್ರಾರೋಗವನ್ನು ಹರಡುವುದು ಇದೇ. ಇದಕ್ಕೆ ನೀಲಿ ಮತ್ತು ಕಪ್ಪು ಬಣ್ಣಗಳೆಂದರೆ ಎಲ್ಲಿಲ್ಲದ ಪ್ರೀತಿ. ಅದನ್ನು ಹಿಡಿಯುವ ಬೋನುಗಳನ್ನೂ ಅವೇ ಬಣ್ಣದ ಬಟ್ಟೆಯಿಂದ ಹೊಲಿಯುತ್ತಾರೆ. ನೀಲಿ ಷರಾಯಿ ತೊಟ್ಟವನು ತಾನೇ ನಡೆದಾಡುವ ಬೋನು! ಹಸಿರು ಮಚ್ಚೆಗಳ ಸೈನಿಕ ಮಾದರಿಯ ಬಟ್ಟೆಯನ್ನೂ ಒಯ್ಯಬಾರದು. ಆಫ್ರಿಕಾದ ಹಲವು ದೇಶಗಳಲ್ಲಿ ನಾಗರಿಕರು ಅದನ್ನು ತೊಡುವುದು ಅಪರಾಧ. ಕೊನೆಗೆ ಉಳಿಯುವುದು ಖಾಕಿ, ಕಂದು, ಮಾಸಲು ಹಸಿರು. ಪಾರಸಿಯಲ್ಲಿ 'ಖಾಕ್' ಎಂದರೆ ಧೂಳು. ಧೂಳಿಗೆ ಧೂಳಿನ ಬಣ್ಣವೇ ಮದ್ದು.

"ಆಫ್ರಿಕಾ ಅಂದ್ರ ಸುಡುಬಿಸಲು, ಸ್ವೆಟರ್ ಯಾಕ?" ಎಂದು ಅದನ್ನು ತೆಗೆದುಹಾಕಲು ಹೋದವನು ನಾನೇ. ಅಪ್ಪ ನನ್ನ ಕೈ ಹಿಡಿದರು. "ಎತ್ತರ ನೋಡಬೇಕು, ಬರೇ ಅಕ್ಷಾಂಶ ಅಲ್ಲ." ಗುರುವಿನ ಮಾತು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರು ಎತ್ತರದಲ್ಲಿದೆ. ನಮ್ಮ ಧಾರವಾಡದ ಎರಡರಷ್ಟಕ್ಕಿಂತ ಹೆಚ್ಚು. ಮಾರಾ ಬಯಲೂ 1,500 ಮೀಟರಿಗೆ ಕಡಿಮೆಯಿಲ್ಲ. ಬೆಳಗಿನ ಆರು ಗಂಟೆಗೆ ತೆರೆದ ವಾಹನದಲ್ಲಿ ಹೊರಟಾಗ ಗಾಳಿ ಕಿವಿಯನ್ನು ಕೊಯ್ಯುತ್ತದೆ. ಹತ್ತು ಗಂಟೆಗೆ ಬಿಸಿಲು ಬೆನ್ನನ್ನು ಸುಡುತ್ತದೆ. ಆದ್ದರಿಂದ ಒಂದರ ಮೇಲೊಂದು ತೊಟ್ಟು ಒಂದೊಂದಾಗಿ ಕಳಚುವಂತಿರಬೇಕು: ಅಂಗಿ, ಸ್ವೆಟರು, ಗಾಳಿ ತಡೆಯುವ ಒಂದು ಮೇಲಂಗಿ, ಉಣ್ಣೆಯ ಟೋಪಿ. ಬಿಸಿಲಿಗೆ ಅಗಲ ಅಂಚಿನ ಟೋಪಿ. ಗದ್ದಕ್ಕೆ ಕಟ್ಟುವ ದಾರವಿರುವುದೇ ಆಗಬೇಕು, ಏಕೆಂದರೆ ಅದು ಹಾರಿ ಬಿದ್ದಲ್ಲಿ ಇಳಿದು ಎತ್ತಿಕೊಳ್ಳುವಂತಿಲ್ಲ.

ಅವ್ವ ಹತ್ತಾರು ಪ್ಲಾಸ್ಟಿಕ್ ಚೀಲಗಳಲ್ಲಿ ಪೊಟ್ಟಣ ಕಟ್ಟಿಟ್ಟಿದ್ದಳು. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ಕಟ್ಟುನಿಟ್ಟಾದ ನಿಷೇಧವಿದೆ. 2020ರ ಜೂನ್ 5ರಿಂದ ಅಭಯಾರಣ್ಯಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ಪೊಟ್ಟಣಗಳೆಲ್ಲ ಬಟ್ಟೆಯ ಚೀಲಕ್ಕೆ ಬದಲಾದವು. ಸ್ಟೀಲಿನ ನೀರಿನ ಬಾಟಲಿ ಬಂತು. ಮಲೇರಿಯಾ ತಡೆಯುವ ಮಾತ್ರೆ, ಸೊಳ್ಳೆಗೆ ಹಚ್ಚುವ ಮುಲಾಮು, ಒಂದು ಕೈದೀಪ, ಅಲ್ಲಿಯ ಮೂರು ಚಪ್ಪಟೆ ಕಡ್ಡಿಗಳ ವಿದ್ಯುತ್ ಕಿಂಡಿಗೆ ಹೊಂದುವ ಪ್ಲಗ್ಗು, ಇವು ಚರ್ಚೆಯಿಲ್ಲದೆ ಅಂಗೀಕಾರವಾದವು.

ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡು ಹೊರಬಿತ್ತು. ಜೀಪಿನಲ್ಲಿ ಅದನ್ನು ನಿಲ್ಲಿಸಲು ಸ್ಥಳವಿಲ್ಲ. ಅದರ ಬದಲು ಅಲ್ಲಿಯವರು ಅವರೆ, ಅಲಸಂದೆಯಂಥ ಕಾಳು ತುಂಬಿದ ಒಂದು ಚೀಲವನ್ನು ಕಿಟಕಿಯ ಅಂಚಿಗಿಟ್ಟು ಅದರ ಮೇಲೆ ಕ್ಯಾಮರಾ ಊರುತ್ತಾರೆ. ಖಾಲಿ ಚೀಲ ಒಯ್ದರೆ ಸಾಕು. ಕಾಳು ಅಲ್ಲಿಯೇ ಸಿಗುತ್ತದೆ. ಅಪ್ಪ ಸ್ಕೌಟ್ ಮಾಸ್ತರರಾಗಿದ್ದಾಗಿನ ಹಳೆಯ ಖಾಕಿ ಷರಾಯಿಯನ್ನು ಕತ್ತರಿಸಿ ಅವ್ವ ಒಂದು ಗಟ್ಟಿ ಚೀಲ ಹೊಲಿದುಕೊಟ್ಟಳು.

ನಾನು ಇಟ್ಟುಕೊಂಡಿದ್ದ ನಾಲ್ಕು ಪುಸ್ತಕಗಳ ಮೇಲೆ ಅಪ್ಪನ ದೃಷ್ಟಿ ಬಿತ್ತು. ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ನಿವೃತ್ತಿಯಾದಾಗ ಕೊಂಡಿದ್ದ ತಮ್ಮ ದುರ್ಬೀನು ತಂದು ಪುಸ್ತಕಗಳ ಪಕ್ಕದಲ್ಲಿಟ್ಟರು. ಮಾಗಡಿಯ ಹೆಬ್ಬಾತುಗಳನ್ನು ನೋಡಿದ ದುರ್ಬೀನು ಅದು. ಎಂಟುನೂರು ಗ್ರಾಮಿಗೆ ಕಡಿಮೆಯಿಲ್ಲ. ಎರಡೂ ಹಿಡಿಯುವುದು ಸಾಧ್ಯವಿರಲಿಲ್ಲ. ಪುಸ್ತಕಗಳು ಕಪಾಟಿಗೆ ಮರಳಿದವು.

ಅಂಗಡಿಯ ಯಂತ್ರ ಈ ಸಲ ಹದಿನಾಲ್ಕು ಕಿಲೋ ಇನ್ನೂರು ಗ್ರಾಮು ತೋರಿಸಿತು.

ಕಪ್ಪು ಮಣ್ಣು

ಸಣ್ಣ ವಿಮಾನದ ಮಿತಿ ದೊಡ್ಡ ವಿಮಾನಕ್ಕಿಲ್ಲವಲ್ಲ! ಅವ್ವನ ಕೋಡುಬಳೆ, ಶೇಂಗಾ ಚಟ್ನಿಪುಡಿಗಳು ಬೇರೊಂದು ಚೀಲದಲ್ಲಿ ನೈರೋಬಿಯವರೆಗೆ ಬಂದು ತಂಗಿಯ ಅಡಿಗೆಮನೆ ಸೇರಿದವು. ಅವನ್ನು ಕಾಡಿಗೆ ಒಯ್ಯಬಾರದು. ಡೇರೆಯಲ್ಲಿ ತಿಂಡಿಯಿಟ್ಟರೆ ಕೋತಿಗಳಿಗೆ ಆಮಂತ್ರಣ ಕೊಟ್ಟಂತೆ. ಅವು ಡೇರೆಯ ಜಿಪ್ಪನ್ನು ನಮಗಿಂತ ಚೆನ್ನಾಗಿ ತೆರೆಯಬಲ್ಲವು. ಇನ್ನು ಊಟಕ್ಕೆ ಅಲ್ಲಿ ಕೊರತೆಯಿಲ್ಲ. ಚಪಾತಿ, ಚಹಾ ಎರಡೂ ಭಾರತೀಯರಿಂದ ಸ್ವಾಹಿಲಿಯವರ ಮನೆಮಾತಿಗೇ ಸೇರಿಹೋಗಿವೆ. ನಮ್ಮ ಗಾಡಿ ಅಲ್ಲಿ 'ಗಾರಿ'; ನಮ್ಮ ಗೋಣಿ ಅಲ್ಲಿ 'ಗುನಿಯಾ'.

ವಿಲ್ಸನ್ ನಿಲ್ದಾಣದಲ್ಲಿ ತೂಗುವವನು ನಮ್ಮ ಚೀಲಗಳನ್ನು ನೋಡಿ ನಗುತ್ತ, "ಸಾವಾ, ಸಾವಾ" ಎಂದ. ವಿಮಾನ ಏರುವ ಮೊದಲು ಇದೆಂಥ ಅಪಶಕುನವೆಂದು ನನ್ನ ಮಡದಿ ಹೌಹಾರಿದಳು. ಸ್ವಾಹಿಲಿಯಲ್ಲಿ ಅದಕ್ಕೆ 'ಸರಿ, ಸರಿ' ಎಂದು ಅರ್ಥ! ಮುಕ್ಕಾಲು ಗಂಟೆಯಲ್ಲಿ, ದೊಡ್ಡ ಬಿರುಕು ಕಣಿವೆಯನ್ನು ದಾಟಿ, ಮಾರಾದ ಮಣ್ಣುಪಟ್ಟಿಯ ಮೇಲೆ ಇಳಿದೆವು. ಬಿಡಾರದ ಅಡಿಗೆಯವನು ಅವ್ವನ ಖಾಕಿ ಚೀಲಕ್ಕೆ ಎರಡು ಕಿಲೋ 'ಮಹರಾಗ್ವೆ' ಕಾಳು ತುಂಬಿಕೊಟ್ಟ. ಹೊರಡುವ ದಿನ ಅಳೆದಂತೆ ಹಿಂದಕ್ಕೆ ಪಡೆದ.

ಮೂರು ದಿನಗಳಲ್ಲಿ ಕಂಡದ್ದನ್ನು ವಿವರಿಸುವುದಿಲ್ಲವೆಂದು ಮೊದಲೇ ಹೇಳಿದ್ದೇನೆ. ಸೆರೆಂಗೆಟಿಯಿಂದ ಬಂದ ಲಕ್ಷಾಂತರ ವಿಲ್ಡಬೀಸ್ಟ್ ಜಿಂಕೆಗಳ ಸಾಲು ದಿಗಂತದವರೆಗೂ ಹಬ್ಬಿತ್ತು. ಹುಲ್ಲಿನ ಬಣ್ಣದಲ್ಲಿ ಕರಗಿ ಮಲಗಿದ್ದ ಸಿಂಹಿಣಿಯನ್ನು ನನ್ನ ಕ್ಯಾಮರಾ ಕಾಣಲಿಲ್ಲ. ಅಪ್ಪನ ದುರ್ಬೀನು ಕಂಡಿತು. ಹೇಳಲೇಬೇಕಾದದ್ದು ಎರಡನೆಯ ಸಂಜೆಯ ಮಾತು. ಹಠಾತ್ತಾಗಿ ಮಳೆ ಸುರಿಯಿತು. ಕಾಲು ಗಂಟೆಯಲ್ಲಿ ನಮ್ಮ ಗಾರಿ ಅಚ್ಚಿನವರೆಗೆ ಹೂತು ನಿಂತಿತು. ಚಾಲಕ ಸುತ್ತಲೂ ಚೆನ್ನಾಗಿ ನೋಡಿ, ನಮ್ಮನ್ನು ಇಳಿಸಿ, ಚಕ್ರಕ್ಕೆ ಕಲ್ಲು ಕೊಡಲು ಹೇಳಿದ. ನಾಲ್ಕು ಹೆಜ್ಜೆ ನಡೆಯುವುದರೊಳಗೆ ನನ್ನ ಬೂಟು ಒಂದೊಂದು ಕಿಲೋ ಭಾರವಾದವು. ಕೆರೆದಷ್ಟೂ ಬಿಡದು, ಕಪ್ಪಗೆ, ನುಣ್ಣಗೆ, ಬೆರಳಿಗೆ ಬೆಣ್ಣೆಯಂತೆ.

"ಈ ಮಣ್ಣಿಗೆ ಏನೆನ್ನುತ್ತೀರಿ?" ಎಂದು ಚಾಲಕನನ್ನು ಕೇಳಿದೆ.

"ಬ್ಲ್ಯಾಕ್ ಕಾಟನ್" ಎಂದ ಆತ.

ಹತ್ತಿ ಬೆಳೆಯುವ ಕಪ್ಪು ಮಣ್ಣು! ಆ ಬಯಲಿನಲ್ಲಿ ಹತ್ತಿಯ ಒಂದು ಗಿಡವೂ ಇಲ್ಲ. ಆ ಹೆಸರು ದಖ್ಖಣದ ನೆಲದಿಂದ, ನಮ್ಮ ಎರೆಹೊಲಗಳಿಂದ ಹೋದದ್ದು. ಕಣ್ಣೆದುರಿಗೆ ಜೀಬ್ರಾಗಳು ಮೇಯುತ್ತಿದ್ದವು. ನಾನು ಮಾತ್ರ ಮಣ್ಣು ಮೆತ್ತಿದ ಕೈಯನ್ನೇ ನೋಡುತ್ತ ನಿಂತಿದ್ದೆ. ಇಲ್ಲಿ ನಿಲ್ಲಬೇಕಾಗಿದ್ದವರು ನಾನಲ್ಲ ಎನಿಸಿತು. ಕೈಯನ್ನು ಒರೆಸಿಕೊಳ್ಳಲು ಸಿಕ್ಕಿದ್ದು ಆ ಖಾಕಿ ಚೀಲವೇ.

ಒಂದು ಹಿಡಿ ಮಣ್ಣನ್ನು ಊರಿಗೆ ತರುವ ಆಸೆಯಿತ್ತು. ಆದರೆ ಪರದೇಶದ ಮಣ್ಣನ್ನು ಹಾಗೆ ತರಲು ಕಾಯಿದೆ ಒಪ್ಪುವುದಿಲ್ಲ; ಅದರೊಡನೆ ಯಾವ ಕೀಟ, ಯಾವ ರೋಗ ಬರುವುದೋ ಯಾರು ಬಲ್ಲರು? ಬಿಡಾರದಲ್ಲಿ ಕುಳಿತು ಬೂಟುಗಳನ್ನು ಉಜ್ಜಿ ತೊಳೆದೆ. ಚೀಲವನ್ನೂ ನೀರಿನಲ್ಲಿ ಜಾಲಿಸಿ ಒಣಗಿಸಿದೆ. ಮಣ್ಣು ಹೋಯಿತು, ಕಲೆ ಹೋಗಲಿಲ್ಲ.

ಊರಿಗೆ ಬಂದ ದಿನ ಅಪ್ಪ ಫೋಟೋಗಳನ್ನೆಲ್ಲ ನೋಡಿದರು, ಸಿಂಹಿಣಿಯನ್ನು ಮೆಚ್ಚಿಕೊಂಡರು. ಅನಂತರ ಚೀಲ ಬಿಚ್ಚುವಾಗ ಖಾಕಿಯ ಮೇಲಿನ ಕಪ್ಪು ಕಲೆ ಅವರ ಕಣ್ಣಿಗೆ ಬಿತ್ತು. ಹೆಬ್ಬೆರಳಿನಿಂದ ಅದನ್ನು ಮೆಲ್ಲನೆ ತಿಕ್ಕಿದರು.

"ಕಾಲಿಗೆ ಹತ್ತತೈತೇನು?"

"ಹತ್ತತೈತಪ್ಪ. ಬಿಡೂದ ಇಲ್ಲ."

"ಒಣಗಿದ ಮ್ಯಾಲ ಬಿರುಕು?"

"ಅಂಗೈ ಅಗಲ ಬಿಡತೈತಿ."

ಅಪ್ಪ ತಲೆಯಾಡಿಸಿದರು. "ಹಂಗಾದ್ರ ಹುಡುಗರಿಗೆ ಸುಳ್ಳು ಹೇಳಿಲ್ಲ" ಎಂದರು. ಅವ್ವ ಚೀಲವನ್ನು ಒಗೆಯಲು ಕೈಚಾಚಿದಳು, ಅಪ್ಪ ಕೊಡಲಿಲ್ಲ.

ಸಫಾರಿಗೆ ಹೊರಡುವವರಿಗೆ ನನ್ನ ಸಲಹೆ ಇಷ್ಟೇ. ಟಿಕೀಟಿಗಿಂತ ಮೊದಲು ವೈದ್ಯರನ್ನು ಕಾಣಿರಿ, ಹಿರಿಯರು ಜೊತೆಗಿದ್ದರಂತೂ ತಪ್ಪದೆ. ಮೂರು ಜೊತೆ ಬಟ್ಟೆ, ಒಂದು ಸ್ವೆಟರು, ಒಂದು ದುರ್ಬೀನು ಇದ್ದರೆ ಮಿಕ್ಕದ್ದೆಲ್ಲ ಹೆಚ್ಚಿನ ಭಾರ. ಮನೆಯಲ್ಲಿ ಉಳಿಯುವವರು ಏನಾದರೂ ಕೇಳಿಬಾ ಎಂದರೆ ಅದನ್ನು ಮಾತ್ರ ಮರೆಯದೆ ಒಯ್ಯಿರಿ, ಅದಕ್ಕೆ ತೂಕವಿಲ್ಲ.

ಬರುವ ಚಳಿಗಾಲದಲ್ಲಿ, ಹೆಬ್ಬಾತುಗಳು ಇಳಿಯುವ ಹೊತ್ತಿಗೆ, ನಾವೆಲ್ಲರೂ ನಮ್ಮ ಮಾಗಡಿಗೆ ಹೋಗುವುದೆಂದು ನಿಶ್ಚಯವಾಗಿದೆ. ಅಲ್ಲಿಗೆ ಸೂಜಿಯೂ ಬೇಡ, ತೂಕದ ಮಿತಿಯೂ ಇಲ್ಲ. ತುಂಬುವ ಪಕ್ಷದವರು ಈಗಲೇ ಕೋಡುಬಳೆಯ ಮಾತೆತ್ತಿದ್ದಾರೆ. ತೆಗೆಯುವ ಪಕ್ಷದ ಅಧ್ಯಕ್ಷರು ಈ ಸಲ ವಿರೋಧಿಸಿಲ್ಲ.